ಬಣ್ಣ ಒಣಗಿತ್ತು

ಗ್ಯಾರೇಜಿನಲ್ಲಿ ಬಣ್ಣ ಹೊಡೆಯುವವನ ಮಾತನ್ನು ಯಾರೂ ಮುಟ್ಟಿ ಪರೀಕ್ಷಿಸುವುದಿಲ್ಲ. ಅವನು ಹಸಿ ಇದೆ ಎಂದರೆ ಹಸಿ ಇದೆ. ಮಾಲೀಕ ಎಷ್ಟೇ ದೊಡ್ಡ ಮನುಷ್ಯನಾಗಿರಲಿ, ತನ್ನದೇ ಕಾರಿನಿಂದ ಒಂದು ಮೊಳ ದೂರ ನಿಂತು ಕೈ ಹಿಂದೆ ಕಟ್ಟಿಕೊಳ್ಳುತ್ತಾನೆ. ನಾನು ಆರನೆಯ ಇಯತ್ತೆಗೆ ಶಾಲೆ ಬಿಟ್ಟವನು. ನನ್ನ ಮಾತು ನಡೆಯುವ ಜಾಗ ಅಂತ ಇದ್ದದ್ದು ಇದೊಂದೇ. ಅಲ್ಲಿಯೇ ನಾನು ಸುಳ್ಳು ಹೇಳಿದೆ, ಅದೂ ನನ್ನ ಅಣ್ಣನಿಗೆ.

ನಮ್ಮ ತಗಡಿನ ಶೆಡ್ಡು ಕಾತ್ರಜದಲ್ಲಿ, ಸಾತಾರಾ ರಸ್ತೆಯಿಂದ ಸ್ವಲ್ಪ ಒಳಗಿದೆ. ಧಾರವಾಡದ ಕಡೆಯ ನಮ್ಮ ಅಪ್ಪ ಲಾರಿ ಕ್ಲೀನರ್ ಆಗಿ ಈ ಮರಾಠಿ ಊರಿಗೆ ಬಂದು ಇಲ್ಲೇ ಉಳಿದ. ಅಣ್ಣ ನನಗಿಂತ ಎಂಟು ವರ್ಷ ದೊಡ್ಡವನು. ಎಂಜಿನ್ ಕೆಲಸ ಅವನದು, ತಗಡು ಮತ್ತು ಬಣ್ಣ ನನ್ನದು. ನಮ್ಮಲ್ಲಿಗೆ ಬರುತ್ತಿದ್ದದ್ದು ಹಳೆಯ ಕಾರುಗಳು ಮಾತ್ರ. ಸ್ಟೇರಿಂಗ್ ಪಕ್ಕದಲ್ಲೇ ಗೇರ್ ಇರುವಂಥವು, ಚೋಕ್ ಎಳೆಯದಿದ್ದರೆ ಬೆಳಗ್ಗೆ ಏಳಲು ಒಪ್ಪದಂಥವು. ಅವುಗಳ ಮಾಲೀಕರು ದಿನಾ ಆಫೀಸಿಗೆ ಹೋಗುವುದು ಬೇರೆ ಕಾರಿನಲ್ಲಿ. ಇದು ಅವರ ಹುಚ್ಚು. ಒಬ್ಬ ಹಲ್ಲಿನ ಡಾಕ್ಟರು ಒಂದು ಹಿತ್ತಾಳೆಯ ಬಾಗಿಲ ಹಿಡಿಕೆಗಾಗಿ ನಾಲ್ಕು ವರ್ಷ ಗುಜರಿ ಅಂಗಡಿಗಳನ್ನು ಅಲೆದಿದ್ದರು.

ಅಣ್ಣನಿಗೆ ಹೆಸರು ಬಂದದ್ದು ಅವನ ಕಿವಿಯಿಂದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ ಮೇಲಿಟ್ಟು, ಹಿಡಿಕೆಯನ್ನು ಕಿವಿಗೆ ಒತ್ತಿ, ಯಾವ ವಾಲ್ವ್ ಸಡಿಲ, ಯಾವ ಬೇರಿಂಗ್ ಸವೆದಿದೆ ಎಂದು ಹೇಳುತ್ತಿದ್ದ. ಬಿಚ್ಚಿ ನೋಡಿದರೆ ಹಾಗೆಯೇ ಇರುತ್ತಿತ್ತು. ಭಾನುವಾರ ಬೆಳಗ್ಗೆ ಹಳೆಯ ಕಾರಿನವರೆಲ್ಲ ಗುಡ್ಡದ ಬುಡದ ಒಂದು ಮೈದಾನದಲ್ಲಿ ಸೇರುತ್ತಿದ್ದರು. ಬಾನೆಟ್ ಎತ್ತಿಟ್ಟು ಚಹಾ ಕುಡಿಯುವುದು, ಒಬ್ಬರ ಕಾರನ್ನು ಇನ್ನೊಬ್ಬರು ಹೊಗಳುವುದು, ಬೆನ್ನ ಹಿಂದೆ ಬೈಯುವುದು. ಅಲ್ಲಿ ಒಂದು ಪದ್ಧತಿ ತಾನಾಗಿಯೇ ಬೆಳೆದಿತ್ತು. ಅಣ್ಣ ಎಂಜಿನ್ನಿನ ಸದ್ದು ಕೇಳದೆ ಯಾವ ಕಾರೂ ಮಾರಾಟವಾಗುತ್ತಿರಲಿಲ್ಲ. ಅವನು ಮುಂದಿನ ಬಂಪರಿನಿಂದ ಹಿಂದಿನ ದೀಪದವರೆಗೆ ಎಲ್ಲ ದೋಷಗಳನ್ನೂ ಗಟ್ಟಿಯಾಗಿ ಹೇಳುವನು. ಕೊಳ್ಳುವವನು ಪೂರ್ತಿ ಕೇಳಬೇಕು. ನಡುವೆ ಫೋನ್ ತೆಗೆದರೆ ಅಣ್ಣ ಮತ್ತೆ ಬಂಪರಿನಿಂದ ಶುರುಮಾಡುತ್ತಿದ್ದ.

ಆಮೇಲೆ ಅವನು ಸ್ಕ್ರೂಡ್ರೈವರ್ ಬಿಟ್ಟ. ಎಂಜಿನ್ ಚಾಲೂ ಮಾಡಿಸಿ, ಮುಂದಿನ ಮಡ್‌ಗಾರ್ಡಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ನಿಲ್ಲತೊಡಗಿದ. ಮೈದಾನದಲ್ಲಿ ಎಲ್ಲರೂ ಬೆರಗಾದರು. ಉಸ್ತಾದನಿಗೆ ಈಗ ಸ್ಕ್ರೂಡ್ರೈವರೂ ಬೇಡ, ಕೈ ಇಟ್ಟರೆ ಸಾಕು ಎಂದರು. ನಾನೂ ಹಾಗೆಯೇ ತಿಳಿದಿದ್ದೆ. ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಅವನೇ ಹೇಳಿದ.

“ತಮ್ಮಾ, ಬಲಗಿವಿ ಪೂರಾ ಹೋಗ್ಯದ. ಎಡಗಿವ್ಯಾಗೂ ಭಾಳ ಉಳದಿಲ್ಲ. ಯಾರಿಗೂ ಹೇಳಬ್ಯಾಡ.”

“ವೈನಿಗೆ?” ಎಂದೆ, ಅತ್ತಿಗೆಗೂ ಹೇಳಬಾರದೇ ಎಂದು.

“ಆಕಿಗೂ ಬ್ಯಾಡ. ಆಕಿ ಅಂದದ್ದೆಲ್ಲಾ ನಾ ಬೇಕಂತ ಕೇಳಿಸಿಗೊಳ್ಳೂದಿಲ್ಲ ಅಂತ ತಿಳದಾಳ. ಹಂಗ ಇರ್ಲಿ.”

ಇಬ್ಬರೂ ನಕ್ಕೆವು. ಅಂಗೈಗೆ ಬರುವ ನಡುಕದಿಂದಲೇ ಅವನಿಗೆ ಎಲ್ಲ ತಿಳಿಯುತ್ತಿತ್ತು. ನಾಲ್ಕು ಸಿಲಿಂಡರ್‌ಗಳಲ್ಲಿ ಒಂದು ಉರಿಯದಿದ್ದರೆ ತಗಡು ಬೇರೆ ಥರ ಕುಣಿಯುತ್ತದೆಯಂತೆ. ನನ್ನ ಕೈಯನ್ನೂ ಹಿಡಿದು ಒಂದು ಮಡ್‌ಗಾರ್ಡಿನ ಮೇಲಿಟ್ಟು ಕಲಿಸಲು ನೋಡಿದ. ನನಗೆ ಬರೀ ಗುಂಯ್ ಎಂದಿತು.

ಅವನ ಸ್ವಂತದ್ದು ಎಂದು ಒಂದೇ ಕಾರಿತ್ತು. ಬಾರಾಮತಿಯ ಕಡೆ ಒಂದು ಕಬ್ಬಿನ ಹೊಲದ ಬದುವಿನಲ್ಲಿ ಬಿದ್ದಿದ್ದನ್ನು ಎತ್ತಿಕೊಂಡು ಬಂದದ್ದು. ತಂದಾಗ ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಟ್ಟಿತ್ತು. ಹನ್ನೊಂದು ವರ್ಷ ಅದರ ಮೇಲೆ ಕೂತ. ಹಡಪಸರದ ಒಬ್ಬ ಗುತ್ತಿಗೆದಾರ ಪ್ರತಿ ಭಾನುವಾರ ಅದನ್ನು ಕೇಳುತ್ತಿದ್ದ. ಅಣ್ಣ ಪ್ರತಿ ಭಾನುವಾರ ಒಂದೇ ಉತ್ತರ ಕೊಡುತ್ತಿದ್ದ: “ನಹೀ ವಿಕಣಾರ ಸಾಹೇಬ. ಚಹಾ ಘ್ಯಾ.” ಮಾರುವುದಿಲ್ಲ, ಚಹಾ ತಗೊಳ್ಳಿ ಎಂದು.

ಇಷ್ಟಾದರೂ ನಾನು ಮಾಡಿದ್ದಕ್ಕೆ ಕಾರಣ ಕಾರಲ್ಲ. ಕಾರಣ ಒಂದು ಆಯಸ್ಕಾಂತ.

ಮೈಸೂರಿನ ಕಡೆಯ ಒಬ್ಬ ಸಾಫ್ಟ್‌ವೇರ್ ಹುಡುಗ ನಾನು ಸಿದ್ಧಮಾಡಿದ ಒಂದು ಕಾರು ಕೊಳ್ಳಲು ಮೈದಾನಕ್ಕೆ ಬಂದಿದ್ದ. ಮೂರು ತಿಂಗಳು ಅದರ ಮೇಲೆ ಕೆಲಸ ಮಾಡಿದ್ದೆ. ಬಾಗಿಲಿನ ಕೆಳಗೆ ತುಕ್ಕು ತಿಂದಿದ್ದ ಕಡೆ ಹೊಸ ತಗಡು ಬೆಸೆಯುವ ಬದಲು ಪುಟ್ಟಿ ತುಂಬಿ, ಉಜ್ಜಿ, ಬಣ್ಣ ಹೊಡೆದಿದ್ದೆ. ಎಲ್ಲರೂ ಮಾಡುತ್ತಾರೆ.

“ಅಣ್ಣಾ, ಬಾಡಿ ಫುಲ್ ಒರಿಜಿನಲ್ಲಾ?” ಎಂದು ಆ ಹುಡುಗ ಕೇಳಿದ. ನನ್ನನ್ನು ಕೇಳಿದ್ದು. ನಾನು ಹೌದೆಂದು ತಲೆ ಆಡಿಸಿದ್ದೆ ಕೂಡ.

ಅಣ್ಣ ಜೇಬಿನಿಂದ ಆಯಸ್ಕಾಂತ ತೆಗೆದು ಬಾಗಿಲಿಗೆ ಹಚ್ಚಿ ಕೆಳಗೆ ಜಾರಿಸಿಕೊಂಡು ಹೋದ. ಒಂದು ಕಡೆ ಅದು ಬಿದ್ದುಹೋಯಿತು. ಅದನ್ನು ಎತ್ತಿ ಮತ್ತೆ ಹಚ್ಚಿದ. ಮತ್ತೆ ಬಿತ್ತು.

“ಇದು ನನ್ನ ತಮ್ಮನ ಕೆಲಸರೀ. ಪುಟ್ಟಿ ಭಾಳ ಛೊಲೊ ಹಚ್ಚತಾನ. ಆದರ ಅದು ಪುಟ್ಟಿನರೀ, ತಗಡಲ್ಲ.”

ಕಿವುಡರ ಹಾಗೆ ಗಟ್ಟಿಯಾಗಿ ಹೇಳಿದ. ಮೈದಾನದ ತುಂಬ ನಗು. ಹುಡುಗ ಹೊರಟುಹೋದ. ಅಂದಿನಿಂದ ನಾನು ‘ಪುಟ್ಟಿಶೇಠ’ ಆದೆ. ಚಹಾದವನೂ “ಪುಟ್ಟಿಶೇಠ, ಸಾಕರ್ ಕಮೀ?” ಎಂದು ಸಕ್ಕರೆಯ ಲೆಕ್ಕ ಕೇಳುವನು. ಅಣ್ಣ ತಪ್ಪು ಹೇಳಿರಲಿಲ್ಲ. ಮನೆಯಲ್ಲಿ, ಶೆಡ್ಡಿನಲ್ಲಿ, ನಾನೊಬ್ಬನೇ ಇದ್ದಾಗ ಹೇಳಿದ್ದರೆ ನಾನು ಆ ಬಾಗಿಲನ್ನು ಮತ್ತೆ ಕತ್ತರಿಸುತ್ತಿದ್ದೆನೇನೋ. ನಾಲ್ಕು ತಿಂಗಳು ಆ ಹೆಸರು ಹೊತ್ತೆ. ಅವನು ಒಂದು ಸಲವೂ ಅವರನ್ನು ಸುಮ್ಮನಿರಿ ಎನ್ನಲಿಲ್ಲ. ಅವನಿಗೆ ಆ ಹೆಸರು ಕೇಳಿಸುತ್ತಲೇ ಇರಲಿಲ್ಲ ಎಂಬುದು ನನಗೆ ಹೊಳೆದದ್ದು ಎಲ್ಲ ಮುಗಿದ ಮೇಲೆ.

ಆ ಚಳಿಗಾಲದಲ್ಲಿ ಅವನು ತನ್ನ ಕಾರಿಗೆ ಹೊಸ ಬಣ್ಣ ಹೊಡೆಯಲು ಹೇಳಿದ. ಹಾಲಿನ ಕೆನೆಯ ಬಣ್ಣ. ಎಂಟು ದಿನ ಬಿಸಿಲು ಕಂಡು ಕಲ್ಲಿನಂತೆ ಒಣಗಿತ್ತು. ಶನಿವಾರ ಸಂಜೆ ಅವನಿಗೆ ಹೇಳಿದೆ: “ಕಡೀ ಕೋಟ್ ಈಗ ಹೊಡದೇನಿ. ನಾಳಿ ಮೈದಾನಕ್ಕ ನಾನ ನಡಸಿಕೊಂಡು ಬರ್ತೀನಿ. ನೀ ಸ್ಕೂಟರ್ ಮ್ಯಾಲೆ ಬಾ. ಎಲ್ಲಿಯೂ ಕೈ ಹಚ್ಚಬ್ಯಾಡ, ಪೂರಾ ಹಸಿ ಅದ.”

“ಹಸಿ ಬಣ್ಣದಾಗ ರಸ್ತಾಕ್ಕ ಒಯ್ಯತೀ? ಧೂಳ ಕೂಡೂದಿಲ್ಲೇನು?”

“ಮುಂಜಾನಿ ಧೂಳ ಇರೂದಿಲ್ಲ. ಬಣ್ಣ ನನಗ ಬಿಡು.”

ಅವನು ಸ್ವಲ್ಪ ಹೊತ್ತು ನನ್ನ ಮುಖ ನೋಡಿದ. ಆಮೇಲೆ ಕೈ ಹಿಂದೆ ಕಟ್ಟಿಕೊಂಡ.

ಭಾನುವಾರ ಮೈದಾನ ತುಂಬಿತ್ತು. ಕಾರು ನಿಲ್ಲಿಸಿ ಬಾನೆಟ್ ಎತ್ತಿದೆ. ಅಣ್ಣ ಚಹಾದವನ ಹತ್ತಿರ ಇದ್ದಾಗ ಎರಡನೆಯ ಪ್ಲಗ್ಗಿನ ವಾಯರನ್ನು ಕಿತ್ತು ಅಂಗೈಯಲ್ಲಿ ಮುಚ್ಚಿಕೊಂಡೆ. ನಾಲ್ಕರಲ್ಲಿ ಒಂದು ಸಿಲಿಂಡರ್ ಸತ್ತ ಎಂಜಿನನ್ನು ಚಾಲೂ ಮಾಡಿಸಿದೆ. ಹಿಂದಿನ ಕೊಳವೆಯಿಂದ ಫುಟ್ ಫುಟ್ ಎಂದು ಕೆಮ್ಮುವ ಸದ್ದು ಬಂತು. ಗಾಡಿ ಕುಂಟುತ್ತಿದೆ ಎಂದು ಎಂಜಿನ್ ತಿಳಿಯದವರಿಗೂ ಗೊತ್ತಾಗುವಂತಿತ್ತು. ಮಾತಾಡುತ್ತಿದ್ದವರೆಲ್ಲ ತಿರುಗಿ ನೋಡಿದರು. ನಾನು ಗಟ್ಟಿಯಾಗಿ, ತುಟಿ ಓದಲು ಬರುವಂತೆ ಬಿಡಿಸಿ ಬಿಡಿಸಿ ಕೇಳಿದೆ:

“ಅಣ್ಣಾ, ಹೆಂಗ ಕೇಳಸ್ತದ ಹೇಳು.”

ಅವನು ಕಾರಿನ ಹತ್ತಿರ ಬಂದ. ಅಂಗೈ ಮಡ್‌ಗಾರ್ಡಿನ ಕಡೆ ತಾನಾಗಿಯೇ ಹೋಯಿತು. ನಾನು ಬೆರಳು ಎತ್ತಿ ಬೇಡವೆಂದೆ. ಕೈ ಗಾಳಿಯಲ್ಲಿ ಒಂದು ಗೇಣು ದೂರದಲ್ಲಿ ನಿಂತಿತು. ಆಮೇಲೆ ಹಿಂದಕ್ಕೆ ಹೋಗಿ ಇನ್ನೊಂದು ಕೈಯನ್ನು ಹಿಡಿದುಕೊಂಡಿತು. ಅವನು ಬಾಗಿ, ಕಣ್ಣು ಮುಚ್ಚಿ, ಕೇಳುವವನಂತೆ ನಿಂತ. ಹನ್ನೊಂದು ವರ್ಷ ಕೂತು ಕಟ್ಟಿದ ಎಂಜಿನ್ ಅದು. ಅದರ ಮೇಲೆ ಅವನಿಗೆ ನಂಬಿಕೆ ಇತ್ತು.

“ಗಡಿಯಾರದಂಗ ಅದ,” ಎಂದ.

ಮೊದಲು ನಕ್ಕವನು ಹಡಪಸರದ ಗುತ್ತಿಗೆದಾರ. ಆಮೇಲೆ ಎಲ್ಲರೂ. “ಉಸ್ತಾದ, ತೀನ್ ಪಾಯಾಂವರ್ ಚಾಲಲೀಯ್!” ಎಂದು ಯಾರೋ ಕೂಗಿದರು, ಮೂರೇ ಕಾಲಲ್ಲಿ ನಡೀತಿದೆ ಎಂದು. ಹೊಗಳಿಕೆ ಎಂದು ತಿಳಿದು ಅಣ್ಣನೂ ಅವರ ಜೊತೆ ನಕ್ಕ. ಅವನು ನಗುವುದನ್ನು ನೋಡಿ ಅವರು ಇನ್ನೂ ನಕ್ಕರು. ನಾನು ಇಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸದೆ ಅಂಗೈ ಬಿಚ್ಚಿ ವಾಯರನ್ನು ಮೇಲೆತ್ತಿ ಎಲ್ಲರಿಗೂ ತೋರಿಸಿದೆ. ಕಡೆಗೆ ಅವನಿಗೂ ತೋರಿಸಿದೆ.

ಅವನ ಮುಖದ ಮೇಲಿನ ನಗು ತಕ್ಷಣ ಹೋಗಲಿಲ್ಲ. ಎಲ್ಲಿ ಇಳಿಯಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಅದನ್ನು ನೋಡಿದಾಗ ನನಗೆ ಸಂತೋಷವಾಯಿತು ಎಂದು ಬರೆಯಬೇಕು. ನನ್ನನ್ನು ಅಂದು ಯಾರೂ ಪುಟ್ಟಿಶೇಠ ಎನ್ನಲಿಲ್ಲ.

ಯಾರೋ ಅದನ್ನು ಫೋನಿನಲ್ಲಿ ಹಿಡಿದಿದ್ದರು. ಸಂಜೆಯೊಳಗೆ ಹಳೆಯ ಕಾರಿನವರ ಗುಂಪಿನಲ್ಲೆಲ್ಲ ಓಡಾಡಿತು. ಮಾರನೆಯ ದಿನ ಅಣ್ಣ ಶೆಡ್ಡಿನಲ್ಲಿ ಫೋನನ್ನು ನನ್ನ ಮುಂದೆ ಹಿಡಿದ.

“ಇದರಾಗ ಮಂದಿ ಏನ ಅನ್ನಲಿಕ್ಕತ್ತಾರ?”

ಫೋನಿನಲ್ಲಿ ಒಬ್ಬ ಅವನ ಹಾಗೆಯೇ ಕಿವಿ ಚಾಚಿ ಅಣಕಿಸುತ್ತಿದ್ದ. “ಬಣ್ಣ ಛೊಲೊ ಆಗೇದ ಅನ್ನಲಿಕ್ಕತ್ತಾರ,” ಎಂದೆ.

“ಹೌದೇನು,” ಎಂದು ಫೋನ್ ಜೇಬಿಗಿಟ್ಟ.

ಮುಂದಿನ ಭಾನುವಾರ ಯಾರೂ ಅವನನ್ನು ತಮ್ಮ ಬಾನೆಟ್ಟಿಗೆ ಕರೆಯಲಿಲ್ಲ. ಅವನು ಕೈ ಹಿಂದೆ ಕಟ್ಟಿಕೊಂಡು ಕಾರಿನಿಂದ ಕಾರಿಗೆ ನಡೆದ. ಎಲ್ಲರೂ ನಮಸ್ಕಾರ ಮಾಡಿದರು. ಒಬ್ಬ ಕರುಣೆಯಿಂದ ಅವನ ಕಿವಿಯ ಹತ್ತಿರ ಬಂದು ಕಿರುಚಿದ: “ಚಹಾ ಕುಡೀತೀರೇನ್ರೀ?” ಅದರ ಮುಂದಿನ ಭಾನುವಾರ ಅವನು ಗುತ್ತಿಗೆದಾರನಿಗೆ ಕಾರು ಕೊಡುತ್ತೇನೆಂದ.

ಮಾರುವಾಗ ತನ್ನ ಪದ್ಧತಿ ಬಿಡಲಿಲ್ಲ. ಮೈದಾನದಲ್ಲೇ, ಎಲ್ಲರ ಎದುರು, ಬಂಪರಿನಿಂದ ಶುರುಮಾಡಿದ. ಎಡಗಡೆಯ ಸ್ಪ್ರಿಂಗ್ ಸ್ವಲ್ಪ ಕೂತಿದೆ. ಚಳಿಯಲ್ಲಿ ಮೂರು ಸಲ ಚೋಕ್ ಎಳೆಯಬೇಕು. ಗಡಿಯಾರ ನಡೆಯುವುದಿಲ್ಲ, ಇದ್ದರೆ ಇರಲಿ ಎಂದು ಹಾಗೆಯೇ ಬಿಟ್ಟಿದ್ದೇನೆ. ಪುಟ್ಟಿ ಎಲ್ಲಿಯೂ ಇಲ್ಲ, ನನ್ನ ತಮ್ಮ ಇದಕ್ಕೆ ತಗಡೇ ಹಾಕಿದ್ದಾನೆ. ಹಿಂದಿನ ದೀಪದವರೆಗೆ ಹೋಗಿ ನಿಂತ. ಗುತ್ತಿಗೆದಾರ ಮುಗಿಯಿತೆಂದು ಕೀಲಿಗೆ ಕೈ ಚಾಚಿದ.

“ಇನ್ನೂ ಒಂದ ಅದರೀ,” ಎಂದ ಅಣ್ಣ. “ಇದನ್ನ ಕಟ್ಟಿದಾಂವಗ ಕಿವಿ ಕೇಳಸೂದಿಲ್ಲ. ಎಂಜಿನ್ ಬ್ಯಾರೆಯವ್ರ ಕಡೆ ತೋರಿಸಿಕೊಳ್ರಿ.”

ಆ ದಿನ ಯಾರೂ ನಗಲಿಲ್ಲ. ಅವನು ಸ್ಕ್ರೂಡ್ರೈವರನ್ನೂ ಆಯಸ್ಕಾಂತವನ್ನೂ ಶೆಡ್ಡಿನ ಮೊಳೆಗೆ ತೂಗುಹಾಕಿ, ವೈನಿಯನ್ನು ಕರೆದುಕೊಂಡು ಬಾರಾಮತಿಗೆ ಹೋದ. ಅಲ್ಲಿ ಹಾಲಿನ ಟ್ಯಾಂಕರುಗಳ ಟೈರ್ ಬದಲಿಸುತ್ತಾನೆ. ಗಾಳಿ ಇದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ, ಅದಕ್ಕೆ ಕಿವಿ ಬೇಡ. ವೈನಿ ನನ್ನ ಜೊತೆ ಮಾತಾಡುವುದಿಲ್ಲ.

ಕಳೆದ ವರ್ಷ ಗುತ್ತಿಗೆದಾರ ಅದೇ ಕಾರನ್ನು ನನ್ನಲ್ಲಿಗೆ ತಂದ. ಮದುವೆಗೆ ಬಾಡಿಗೆ ಬಿಡಬೇಕು, ಹಳೆಯ ಎಂಜಿನ್ ಕಿತ್ತು ಹೊಸ ಕಾರಿನದು ಹಾಕಬೇಕು, ತಣ್ಣನೆಯ ಗಾಳಿ ಬರಬೇಕು ಎಂದ. ಹೊಸ ಎಂಜಿನ್ ಕೂರಲು ಬಾನೆಟ್ಟಿನ ಕೆಳಗಿನ ತಗಡನ್ನು ನಾನೇ ಕತ್ತರಿಸಿದೆ. ಅಣ್ಣನ ಎಂಜಿನ್ ಗುಜರಿಯವನ ಟೆಂಪೋದಲ್ಲಿ ಹೋಯಿತು. ಬಣ್ಣವನ್ನು ಅಲ್ಲಲ್ಲಿ ತಿದ್ದಿ ಹದಿನೈದು ದಿನವಾಗಿತ್ತು, ಪೂರ್ತಿ ಒಣಗಿತ್ತು. ಕೆಲಸ ಮುಗಿದ ದಿನ ಗುತ್ತಿಗೆದಾರನ ಡ್ರೈವರ್ ಒಯ್ಯಲು ಬಂದು, ಶೆಡ್ಡಿನ ಹೊರಗೆ ಎಂಜಿನ್ ಚಾಲೂ ಇಟ್ಟು ಕೂತಿದ್ದ.

ಅದೇ ಹೊತ್ತಿಗೆ ಅಣ್ಣ ಬಂದ. ಧಾರವಾಡದ ಕಡೆ ಹೋಗಲು ಕಾತ್ರಜದಲ್ಲಿ ಬಸ್ಸು ಹಿಡಿಯಬೇಕಿತ್ತಂತೆ, ತಾಸು ಹೊತ್ತು ಇತ್ತಂತೆ. ಕಾರನ್ನು ಕಂಡು ನಿಂತುಬಿಟ್ಟ. ಒಂದು ಸುತ್ತು ಬಂದ. ಮುಂದಿನ ಮಡ್‌ಗಾರ್ಡಿನ ಹತ್ತಿರ ನಿಂತು, ಕೈ ಹಿಂದೆ ಕಟ್ಟಿಕೊಂಡು, ನನ್ನ ಕಡೆ ತಿರುಗಿದ.

“ಹಸಿ ಅದ ಏನು?”

ಇಲ್ಲ ಎಂದರೆ ಅಂಗೈ ಇಡುತ್ತಿದ್ದ. ಇಟ್ಟ ಕ್ಷಣಕ್ಕೆ ಒಳಗಿರುವುದು ತನ್ನ ಎಂಜಿನ್ ಅಲ್ಲವೆಂದು ತಿಳಿಯುತ್ತಿತ್ತು. ಯಾರು ಕತ್ತರಿಸಿದರು ಎಂದು ಕೇಳುತ್ತಿದ್ದ.

“ಹೂಂ,” ಎಂದು ತಲೆ ಆಡಿಸಿದೆ. “ಪೂರಾ ಹಸಿ ಅದ.”

ಅವನು ಕಾರಿನ ಕಡೆ ಬಾಗಿದ. ಕಿವಿ ಚಾಚಲಿಲ್ಲ, ಮೂಗಿನಿಂದ ಒಂದು ಸಲ ಉಸಿರು ಎಳೆದುಕೊಂಡ. ಹಸಿ ಬಣ್ಣದ ನಾತ ಹತ್ತು ಹೆಜ್ಜೆ ದೂರಕ್ಕೂ ಬಡಿಯುತ್ತದೆ. ಮೂವತ್ತು ವರ್ಷ ಅದರಲ್ಲೇ ಉಸಿರಾಡಿದವನು ನಾನು, ಅದು ನನ್ನ ತಲೆಗೆ ಬಂದೇ ಇರಲಿಲ್ಲ.

“ಅವತ್ತೂ ವಾಸನಿ ಇರಲಿಲ್ಲ,” ಎಂದ. “ಇವತ್ತೂ ಇಲ್ಲ.”

“ಅಣ್ಣಾ, ಅವತ್ತ ಮತ್ತ ಯಾಕ...”

ನನ್ನ ತುಟಿ ನೋಡುತ್ತಿದ್ದ. ಅರ್ಥವಾಯಿತು.

“ನೀ ಹಸಿ ಅಂದಿ. ಮಂದಿ ಮುಂದ ನಿನ್ನ ಬಣ್ಣ ಇನ್ನೊಮ್ಮೆ ಸುಳ್ಳ ಮಾಡಬಾರದಂತ ಕೈ ಇಡೂದ ಬಿಟ್ಟೆ.”

ಡ್ರೈವರ್ ಹಾರ್ನ್ ಹೊಡೆದ. ಅಣ್ಣನಿಗೆ ಕೇಳಿಸಲಿಲ್ಲ. ನಾನು ತೋಳು ಹಿಡಿದು ಅವನನ್ನು ಬದಿಗೆ ಸರಿಸಿದೆ. ಕಾರು ಹೋಯಿತು. ಬಸ್ಸಿಗೆ ಹೊತ್ತಾಯಿತೆಂದು ಅವನೂ ಹೊರಟ. ರಸ್ತೆಯ ತಿರುವಿನವರೆಗೂ ಕೈ ಹಿಂದೆಯೇ ಕಟ್ಟಿಕೊಂಡಿದ್ದ.