ಅತ್ತೆ ಬೆರಳೂರಿದ ಮಿದುಳು

ಪಾಠ ಮಾಡದಿದ್ದರೆ ಮೃದುಲಾಗೆ ಉಂಡದ್ದು ಮೈಗೆ ಹತ್ತುವುದಿಲ್ಲ. ಧಾರವಾಡದಲ್ಲಿ ನರ್ಸಿಂಗ್ ಕಾಲೇಜಿನ ಹುಡುಗಿಯರಿಗೆ ಶರೀರಶಾಸ್ತ್ರ ಕಲಿಸಿದವಳು. ಗಂಡ ರಘೋತ್ತಮನದು ಕೇಂದ್ರ ಸರಕಾರದ ನೌಕರಿ. ವರ್ಗವಾದಾಗಲೆಲ್ಲ ಅವನ ಕುರ್ಚಿ ಅವನ ಜೊತೆಗೇ ಹೊರಡುತ್ತಿತ್ತು, ಇವಳದು ಹಿಂದೆಯೇ ಉಳಿಯುತ್ತಿತ್ತು. ಹೊಸ ಊರಲ್ಲಿ ನೌಕರಿ ಹುಡುಕಿ, ಮಕ್ಕಳ ಹೆಸರು ಬಾಯಿಗೆ ಬರುವಷ್ಟರಲ್ಲಿ ಮತ್ತೆ ಗಂಟುಮೂಟೆ. ನಾಸಿಕ್ ರೋಡಿಗೆ ಬಂದ ಮೇಲಂತೂ ಯಾವ ಕಾಲೇಜಿನವರೂ ಇವಳನ್ನು ಕ್ಯಾರೇ ಅನ್ನಲಿಲ್ಲ.

ಹಾಗಂತ ಕೈಕಟ್ಟಿ ಕೂರುವ ಪೈಕಿ ಅಲ್ಲ ಅವಳು. ಮನೆ ಹತ್ತಿರದ ಶಾಲೆಗೆ ತಾನೇ ನುಗ್ಗಿ, ಸಂಭಾಜಿನಗರದಲ್ಲಿ ಮಿದುಳಿನ ಬಗ್ಗೆ ಮಕ್ಕಳಿಗೊಂದು ಜ್ಞಾನಸ್ಪರ್ಧೆ ನಡೆಯುತ್ತದೆ, ತಯಾರಿ ನಾನು ಮಾಡಿಸುತ್ತೇನೆ ಎಂದಳು. ಹೆಡ್‌ಮಾಸ್ತರರು ಪಕ್ಕಾ ಲೆಕ್ಕದ ಮನುಷ್ಯ. ಮಕ್ಕಳು ಮೊದಲ ಸುತ್ತು ದಾಟಿದರೆ ಮುಂದಿನ ವರ್ಷದಿಂದ ನೀವು ನಮ್ಮ ಟೀಚರ್, ಇಲ್ಲದಿದ್ದರೆ ನಮಸ್ಕಾರ ಎಂದು ನಗುನಗುತ್ತಲೇ ಮರಾಠಿಯಲ್ಲಿ ಹೇಳಿದರು.

ಭಾನುವಾರದ ಕ್ಲಾಸು ಅಡುಗೆಮನೆಯಲ್ಲೇ. ಬಂದವರು ಇಬ್ಬರು: ಬ್ಯಾಂಕಿನವರ ಮಗಳು ರುಚಿತಾ, ಪಕ್ಕದ ಮನೆಯ ಉತ್ಕರ್ಷ. ಇಬ್ಬರ ಮನೆಮಾತೂ ಕನ್ನಡವೇ, ಆದರೆ ಬಾಯಿ ತೆರೆದರೆ ಮರಾಠಿ. ಮೃದುಲಾ ಅವರನ್ನು ಎದುರುಬದುರು ನಿಲ್ಲಿಸಿ, ಒಬ್ಬರ ಕೈಗೊಬ್ಬರ ಕೈ ತಾಗದ ಹಾಗೆ ಶೇಂಗಾಬೀಜ ದಾಟಿಸಲು ಹೇಳುವಳು.

"ನಡುವ ಸಂದಿ ಕಂಡ್ರ್ಯಾ? ಅದಕ್ಕ ಸಿನಾಪ್ಸ್ ಅಂತಾರ. ಒಂದು ನರಕೋಶ ಇನ್ನೊಂದಕ್ಕ ಮುಟ್ಟಂಗಿಲ್ಲ. ಶೇಂಗಾ ದಾಟಿಸ್ತದ, ಅಷ್ಟ."

ಉತ್ಕರ್ಷ ಸಂದೇಶವನ್ನೇ ತಿಂದುಬಿಡುತ್ತಿದ್ದ. ಹೀಗಾಗಿ ಸುದ್ದಿ ಎಷ್ಟೋ ಸಲ ಮಿದುಳನ್ನು ಮುಟ್ಟುತ್ತಲೇ ಇರಲಿಲ್ಲ.

ಮಿದುಳಿನ ಮಾದರಿ ಎಲ್ಲಿಂದ ತರುವುದು? ಚಪಾತಿಯ ಕಣಕವೇ ಗತಿ. ಶನಿವಾರವೇ ಗಟ್ಟಿಯಾಗಿ ನಾದಿ, ಮಿದುಳಿನ ಆಕಾರ ಕೊಟ್ಟು, ಹಿಂದೆ ಕೆಳಗಡೆ ಸಣ್ಣ ಮಿದುಳು ಎನ್ನುವ ಭಾಗಕ್ಕೊಂದು ಉಂಡೆ ಅಂಟಿಸಿ ಫ್ರಿಜ್ಜಿನಲ್ಲಿಟ್ಟಳು. ಭಾನುವಾರ ತೆಗೆದು ನೋಡಿದರೆ ಅದರ ಮೇಲೆ ಐದು ಬೆರಳಿನ ಗುಳಿ!

ರಘೋತ್ತಮನ ತಾಯಿ, ಮನೆಯಲ್ಲೇ ಇದ್ದ ಅತ್ತೆಯವರ ಕೆಲಸ. ನಾದಿದ ಕಣಕವನ್ನು ಗುಂಡಗೆ ಹಾಗೇ ಇಟ್ಟರೆ ಪಿಂಡದ ಹಾಗೆ ಕಾಣುತ್ತದೆ, ಬೆರಳೂರಿಯೇ ಇಡಬೇಕು ಎನ್ನುವುದು ಅವರು ಹುಟ್ಟಿದಾಗಿನಿಂದ ನೋಡಿಕೊಂಡು ಬಂದ ಪದ್ಧತಿ. ಮೃದುಲಾ ಹಲ್ಲು ಕಚ್ಚಿ ಗುಳಿ ಸವರಲು ಹೋದಳು. ರುಚಿತಾ ಕೈ ಅಡ್ಡ ಹಿಡಿದಳು.

"ಥಾಂಬಾ ಟೀಚರ್! ಆಜಿಯ ಬೋಟ, ಬೆರಳು ನೋಡ್ರಿ. ತೋರುಬೆರಳು ಮುಂದೆ, ವಿಚಾರ ಮಾಡೋದು. ನಡುವಿನ ಎರಡು ಮೇಲೆ, ಸ್ಪರ್ಶ. ಕಿರುಬೆರಳು ಹಿಂದೆ, ನೋಡೋದು. ಹೆಬ್ಬೆರಳು ಬಾಜೂಕ್ಕೆ, ಕೇಳೋದು."

ನಿಜವೇ. ಅತ್ತೆಯವರ ಕೈ ಮಿದುಳಿನ ನಾಲ್ಕೂ ಹಾಲೆಗಳ ಮೇಲೆ ಸರಿಯಾಗಿ ಕೂತಿತ್ತು. ಅಂದಿನಿಂದ ಮಕ್ಕಳಿಗೆ ಆಜಿಯ ಬೆರಳಿಲ್ಲದ ಮಿದುಳು ಬೇಡವೇ ಬೇಡ. ಮೃದುಲಾಗೆ ಮಾತ್ರ ಒಳಗೊಳಗೇ ಪುಕುಪುಕು. ಸ್ಪರ್ಧೆಯ ಹಿಂದಿನ ವಾರ ತಡೆಯಲಾರದೆ ಅಂದೇಬಿಟ್ಟಳು.

"ಅತ್ತಿ, ಅದು ಪಿಂಡ ಅಲ್ರಿ, ಮಿದುಳು. ಅಲ್ಲಿ ಪ್ಲಾಸ್ಟಿಕ್ಕಿಂದು ಇರ್ತದ, ಅದರ ಮ್ಯಾಲ ನಿಮ್ಮ ಬಟ್ಟು ಇರಂಗಿಲ್ಲ. ಇನ್ನ ಮುಟ್ಟಬ್ಯಾಡ್ರಿ."

ಅತ್ತೆ ಜಪಮಾಲೆ ತೆಗೆದುಕೊಂಡು ಒಳಗೆ ಹೋದರು.

ಸ್ಪರ್ಧೆಯ ದಿನ ಬೆಳಗಿನ ರೈಲು ಹಿಡಿದು ಮೂವರೂ ಸಂಭಾಜಿನಗರ ಮುಟ್ಟಿದರು. ಬರಹದ ಪರೀಕ್ಷೆಯಲ್ಲಿ ಉತ್ಕರ್ಷ ಶೇಂಗಾದ ಪುಣ್ಯದಿಂದ ಸಿನಾಪ್ಸ್ ಪ್ರಶ್ನೆಗಳನ್ನೆಲ್ಲ ಹೊಡೆದುರುಳಿಸಿದ. ಉಳಿದದ್ದು ಮಾದರಿಯ ಪ್ರಶ್ನೆ, ಅದು ರುಚಿತಾಳ ಪಾಲಿಗೆ. ಮೇಜಿನ ನಡುವೆ ಸ್ಟ್ಯಾಂಡಿಗೆ ಬಿಗಿದ ಬೂದುಬಣ್ಣದ ಮಿದುಳು. ತಿರುಗಿಸುವ ಹಾಗಿಲ್ಲ, ಬೆರಳು ಒಮ್ಮೆ ತಾಗಿತೆಂದರೆ ಅದೇ ಕೊನೆಯ ಉತ್ತರ. ಇದನ್ನು ಸರಿಯಾಗಿ ಮುಟ್ಟಿದರೆ ಸುತ್ತು ದಾಟಿದಂತೆ, ತಪ್ಪಿದರೆ ಮನೆ ಕಡೆ ದಾರಿ.

"ಕಣ್ಣು ಕಂಡದ್ದು ಎಲ್ಲಿ ತಲುಪುತ್ತದೆ?" ಎಂದು ಪರೀಕ್ಷಕಿ ಕೇಳಿದರು.

ರುಚಿತಾ ಆಜಿಯ ಹಾಗೆ ಬಲಗೈ ಅಗಲಿಸಿ ಮಾದರಿಯ ಮೇಲೆ ತಂದಳು. ಹಿಂದೆ ಕುರ್ಚಿಯಲ್ಲಿದ್ದ ಮೃದುಲಾ ಆಗಲೇ ಗಮನಿಸಿದಳು. ಅತ್ತೆಯವರ ಕೈಗೆ ಒಗ್ಗುವ ಹಾಗೆ ಕಣಕದ ಮಿದುಳು ಯಾವಾಗಲೂ ಎಡಕ್ಕೆ ಮುಖ ಮಾಡಿರುತ್ತಿತ್ತು. ಇಲ್ಲಿಯದು ಬಲಕ್ಕೆ ಮುಖ ಮಾಡಿ ಕೂತಿದೆ! ಇನ್ನೊಂದು ಕಡೆಯಿಂದಲೂ ನೋಡಿರಿ ಎಂದು ಮಕ್ಕಳಿಗೆ ಒಂದು ದಿನವಾದರೂ ಹೇಳಿರಲಿಲ್ಲ. ಹುಡುಗಿಯ ಕಿರುಬೆರಳು ಸೀದಾ ಹಣೆಯ ಭಾಗಕ್ಕೆ ಇಳಿಯುತ್ತಿತ್ತು. ಮುಗಿಯಿತು ನನ್ನ ನೌಕರಿ, ಅದಕ್ಕಿಂತ ಹೆಚ್ಚು ಈ ಕೂಸಿನ ಮುಖ ಹೇಗೆ ನೋಡಲಿ ಎಂದು ಅವಳ ಕಣ್ಣು ತುಂಬಿತು.

ಬೆರಳು ತಾಗುವ ಮೊದಲೇ ರುಚಿತಾ ಕೈ ತಡೆದಳು. ಕಿರುಬೆರಳಿನ ಕೆಳಗೆ ಸಣ್ಣ ಮಿದುಳಿನ ಉಂಡೆ ಇರಬೇಕಿತ್ತು, ಇರಲಿಲ್ಲ. ಬಗ್ಗಿ ನೋಡಿದಳು. ಉಂಡೆ ಆ ತುದಿಯಲ್ಲಿತ್ತು. ಕೈ ಹಿಂದಕ್ಕೆ ತೆಗೆದು, ಮೇಜನ್ನು ಬಳಸಿ ನಡೆದು, ಆಚೆ ಬದಿಗೆ ಹೋಗಿ ನಿಂತಳು.

"ಎಲ್ಲಿಗೆ ಹೊರಟೆ?" ಎಂದರು ಪರೀಕ್ಷಕಿ.

"ನಮ್ಮ ಆಜಿ ಈ ಕಡೆ ನಿಲ್ಲುತ್ತಾರೆ," ಎಂದಳು ರುಚಿತಾ. ಮತ್ತೆ ಕೈ ಅಗಲಿಸಿದಳು. ಕಿರುಬೆರಳು ಹಿಂಭಾಗದ ಹಾಲೆಯ ನಡುಮಧ್ಯಕ್ಕೆ ಹೋಗಿ ಕೂತಿತು.

ಪರೀಕ್ಷಕಿ ತಲೆಯಾಡಿಸಿದಾಗ ಉತ್ಕರ್ಷ ಕುರ್ಚಿಯ ಮೇಲೆಯೇ ಕುಣಿದ. ಮೃದುಲಾ ಮೂಗೊರೆಸಿಕೊಳ್ಳುತ್ತ ಹೊರಗೆ ಬಂದು ಮನೆಗೆ ಫೋನ್ ಹಚ್ಚಿದಳು.

"ಅತ್ತಿ, ದಾಟಿದ್ವಿರಿ. ನೌಕರೀನೂ ಸಿಕ್ಕಂಗಾತು."

"ಛಲೋ ಆತವ್ವಾ. ಹುಡುಗರಿಗೆ ಏನರೆ ತಿನ್ನಸು," ಎಂದ ಅತ್ತೆ ಅಳುಕುತ್ತಲೇ ಸೇರಿಸಿದರು. "ಅದಿರ್ಲಿ, ನೀ ಫ್ರಿಜ್ಜಿನ್ಯಾಗ ಕಣಕ ಹಂಗ ಗುಂಡಗ ಇಟ್ಟು ಹೋಗಿದ್ದಿ. ಮನಸ್ಸು ತಡೀಲಿಲ್ಲ, ಬಟ್ಟು ಊರೀನಿ. ಸಿಟ್ಟಾಗಬ್ಯಾಡ ಮತ್ತ."

"ಇನ್ನೊಮ್ಮೆ ಗಟ್ಟಿಯಾಗಿ ಊರ್ರಿ ಅತ್ತಿ," ಎಂದಳು ಮೃದುಲಾ. "ಈ ಸಲ ಎರಡೂ ಕಡೆಯಿಂದ."