ಮೇಸ್ತ್ರಿಗೆಂದು ಕಾಯಿಸಿದ ಜಾಲರಿ

ಹೋದ ಭಾನುವಾರ ನನ್ನ ಮಗ ತಾರಸಿಯ ಮೇಲೆ ಇದ್ದಿಲು ಒಟ್ಟಿ, ಅಟ್ಟದಲ್ಲಿದ್ದ ಹಳೆಯ ಕಬ್ಬಿಣದ ಜಾಲರಿ ಇಳಿಸಿಕೊಂಡು ಹೋಗಿ ಸ್ನೇಹಿತರಿಗಾಗಿ ಹಂದಿ ಬಾಡು ಸುಟ್ಟ. ನಾನು ಕೆಳಗೆ ಪೇಪರು ಓದುತ್ತಾ ಕೂತಿದ್ದೆ. ಕಾದ ಕಬ್ಬಿಣದ ವಾಸನೆ ಮೂಗಿಗೆ ಬಡಿದದ್ದೇ ತಡ, ಪೇಪರು ಬಿಸಾಕಿ ಎದ್ದೆ. ಮಂಡಿ ನೋವನ್ನೂ ಮರೆತು ಮೆಟ್ಟಿಲು ಹತ್ತಿ ನೋಡಿದರೆ ಬಾಡು ಆಗಲೇ ಚುರುಗುಟ್ಟುತ್ತಿತ್ತು. ಪಾಪ, ಅವನಿಗೇನು ಗೊತ್ತು? ನಾನಾದರೂ ಯಾವತ್ತು ಹೇಳಿದ್ದೆ...

ಎಪ್ಪತ್ತರ ದಶಕದಲ್ಲಿ ಮದ್ದೂರಿನಿಂದ ಬಸ್ಸಿಗೆ ಜೋತುಬಿದ್ದು ಗೆಜ್ಜಲಗೆರೆಯ ಕಾರ್ಖಾನೆಗೆ ಹೋಗುತ್ತಿದ್ದೆ. ಅಲ್ಲಿ ನನಗೆ ಅರ ಹಿಡಿದು ಕಬ್ಬಿಣ ಉಜ್ಜುವುದನ್ನು ಕಲಿಸಿದವರು ಫಿಟ್ಟರ್ ಮೇಸ್ತ್ರಿ. ಬೊಂಬಾಯಿಯ ಕಡೆಯವರು, ಯಹೂದಿಗಳು. ಅಂಥದ್ದೊಂದು ಜನ ಇದೆ ಅಂತಲೇ ನಮಗೆ ಗೊತ್ತಿರಲಿಲ್ಲ. ನಮ್ಮ ಬೀದಿಯಲ್ಲೇ ಒಂದು ರೂಮು ಮಾಡಿಕೊಂಡು, ತಾವೇ ಬೇಯಿಸಿಕೊಂಡು ತಿನ್ನುತ್ತಿದ್ದರು. ಶನಿವಾರ ಮಾತ್ರ ಒಲೆ ಹಚ್ಚುತ್ತಿರಲಿಲ್ಲ. ನಾನು ಮಾಡಿದ ಕೆಲಸದ ಮೇಲೆ ಕಣ್ಣುಮುಚ್ಚಿ ಬೆರಳಾಡಿಸಿ, ಎಲ್ಲಿ ಕೂದಲೆಳೆಯಷ್ಟು ಉಬ್ಬಿದೆ ಅಂತ ಹೇಳುತ್ತಿದ್ದರು. ಬೈದದ್ದು ನೆನಪಿಲ್ಲ.

ನಮ್ಮ ಮನೆಗೆ ಬರುತ್ತಿದ್ದರು, ಕೂರುತ್ತಿದ್ದರು, ಎಳನೀರು ಕುಡಿಯುತ್ತಿದ್ದರು. ಊಟಕ್ಕೆ ಏಳಿ ಅಂದರೆ ಮಾತ್ರ ಕೈಮುಗಿದುಬಿಡುತ್ತಿದ್ದರು. ಅಮ್ಮನಿಗೆ ಇದು ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಬಂದವರಿಗೆಲ್ಲ ಮುದ್ದೆ ಇಕ್ಕಿದ ಕೈ ಅದು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟಳು: “ನಮ್ಮನೇದು ನೀವು ತಿನ್ನೋ ಅಂಗಿಲ್ವಾ? ನಾವೇನು ಅಷ್ಟು ಕೀಳಾ?”

ಮೇಸ್ತ್ರಿ ಗಾಬರಿಯಾದರು. ಅರೆಬರೆ ಕನ್ನಡದಲ್ಲಿ ಬಿಡಿಸಿ ಹೇಳಿದರು. ಮೇಲುಕೀಳಿನ ಮಾತಲ್ಲ, ಅವರ ದೇವರ ಕಟ್ಟು. ಹಂದಿ ಆಗದು, ಏಡಿ ಆಗದು. ಕುರಿ ಕೋಳಿಯನ್ನೂ ಅವರ ಪದ್ಧತಿಯಲ್ಲೇ ಕೊಯ್ದಿರಬೇಕು. ಮೀನಾದರೆ ಪೊರೆ, ರೆಕ್ಕೆ ಎರಡೂ ಇದ್ದರೆ ಸಾಕು. ಆದರೆ ಬೇರೆ ಬಾಡು ಬೆಂದ ಪಾತ್ರೆಯಲ್ಲಿ ಅದೂ ಆಗದು. ಹಿತ್ತಲಲ್ಲಿ ನಾವು ಬಾಡು ಸುಡುತ್ತಿದ್ದ ಜಾಲರಿ ತೋರಿಸಿ, ಇಂಥದ್ದನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿದರೆ ಹಳೆಯದೆಲ್ಲ ಸುಟ್ಟುಹೋಗಿ ತಮಗೆ ನಡೆಯುತ್ತದೆ ಅಂದರು.

“ಅಷ್ಟೇಯಾ? ಅದ ಮೊದ್ಲೇ ಹೇಳೋಕೇನಾಗಿತ್ತಪ್ಪ” ಅಂದಳು ಅಮ್ಮ. ಅವಳಿಗೆ ಇದು ಹೊಸದೇನಲ್ಲ. ಶ್ರಾವಣ ಬಂದರೆ ಅವಳೂ ಬಾಡಿನ ಪಾತ್ರೆಗಳನ್ನು ಅಟ್ಟಕ್ಕೇರಿಸಿ ಬಿಡುತ್ತಿದ್ದಳು.

ಮುಂದಿನ ಭಾನುವಾರ ಬೆಳಿಗ್ಗೆ ನಾನೇ ಜಾಲರಿಯನ್ನು ಕಮ್ಮಾರನ ಕುಲುಮೆಗೆ ಹೊತ್ತೊಯ್ದು, ಕೆಂಡದ ಬಣ್ಣ ಬರುವ ತನಕ ಕಾಯಿಸಿ ತಂದೆ. ಅಮ್ಮ ಪೊರೆ, ರೆಕ್ಕೆ ಎರಡೂ ಇರುವ ಶಿಂಷಾ ಹೊಳೆಯ ಗೆಂಡೆ ಮೀನು ತರಿಸಿದ್ದಳು. ಹೊಸ ಮಡಕೆ ಬೇರೆ. ಮೇಸ್ತ್ರಿ ತಮ್ಮದೇ ಚಾಕು ತಂದು, ಮೀನು ಹಸನು ಮಾಡಿ, ಉಪ್ಪು ಕಾರ ಹಚ್ಚಿ, ಇಡಲು ಬಂದರು. ನೋಡಿದರೆ ಜಾಲರಿ ಮಿರಮಿರ ಹೊಳೆಯುತ್ತಿದೆ! ಮೀನು ಅಂಟಬಾರದು ಅಂತ ಅಮ್ಮ ಎಂದಿನ ಹಾಗೆ ಕುರಿಯ ನೆಣ ಸವರಿಬಿಟ್ಟಿದ್ದಳು. ಬರಿಯ ಕೈಚಾಳಿ.

ಮೇಸ್ತ್ರಿಯ ಕೈ ಅಲ್ಲೇ ನಿಂತಿತು. “ಇರಲಿ ಅಮ್ಮ, ನಾನು ಎಳನೀರು ಕುಡೀತೀನಿ” ಅಂದರು, ಬಹಳ ಮೆಲ್ಲಗೆ.

ನನಗೆ ಎಲ್ಲಿತ್ತೋ ಸಿಟ್ಟು. ಬೆಳಿಗ್ಗೆಯಿಂದ ಒಲೆ ಮುಂದೆ ಬೆಂದ ಅಮ್ಮನ ಮುಖ ನೋಡಲಾಗಲಿಲ್ಲ. “ನಮ್ಮವ್ವನ ಕೈ ಅಷ್ಟು ಮೈಲಿಗೇನಾ ಮೇಸ್ತ್ರಿ?” ಅಂದುಬಿಟ್ಟೆ. ಅವರು ತಲೆ ತಗ್ಗಿಸಿದರು. ಕೆಲಸ ಕಲಿಸಿದ ಗುರುವನ್ನು ಅಂಗಳದಲ್ಲಿ ನಿಲ್ಲಿಸಿ ಆಡುವ ಮಾತೇ ಅದು? ಥೂ...

“ಸುಮ್ಕಿರ್ಲಾ” ಅಂದಳು ಅಮ್ಮ. “ತೆಪ್ಪು ನಂದು. ಅವ್ರು ಕಟ್ಟು ಬುಟ್ಟಾರಾ?” ಇಷ್ಟು ಹೇಳಿ, ಮನೆಯಲ್ಲಿದ್ದ ತೆಂಗಿನ ಚಿಪ್ಪನ್ನೆಲ್ಲ ತಂದು ಸುರಿದಳು. ಕುಲುಮೆಯವನು ಊಟಕ್ಕೆ ಹೋಗಿದ್ದ. ಅವಳೇ ಕುಕ್ಕರುಗಾಲಿನಲ್ಲಿ ಕೂತು ಊದುಕೊಳವೆ ಹಿಡಿದಳು. ಕಣ್ಣಲ್ಲಿ ನೀರು, ಹೊಗೆಯದೋ ಏನೋ. ಸ್ವಲ್ಪ ಹೊತ್ತಿಗೆ ಮೇಸ್ತ್ರಿಯೂ ಪಕ್ಕದಲ್ಲಿ ಕೂತು ಮೊರ ಬೀಸಿದರು. ಕಂಬಿ ಕಂಬಿಯೂ ಕೆಂಪಾದ ಮೇಲೆ, ಮೀನನ್ನು ಅವರೇ ಕೈಯಾರೆ ಮೇಲಿಟ್ಟರು.

ಮೂರು ಗಂಟೆಗೆ, ಬಾಳೆಲೆಯ ಮೇಲೆ, ನಮ್ಮ ಮನೆಯ ಜಗಲಿಯಲ್ಲಿ ಅವರು ಉಂಡರು. ಮುದ್ದೆಯನ್ನು ಅಗಿಯಲು ಹೋಗಿ ಅಮ್ಮನನ್ನು ನಗಿಸಿದರು. ಅವತ್ತಿನಷ್ಟು ಖುಷಿಯಾಗಿ ಅಮ್ಮನನ್ನು ನಾನು ನೋಡಿದ್ದು ಕಡಿಮೆ.

ಅವತ್ತಿನಿಂದ ಆ ಜಾಲರಿ ಮೇಸ್ತ್ರಿಯ ಜಾಲರಿಯಾಯಿತು. ಬೇರೆ ಮೊಳೆ, ಬೇರೆ ಜಾಗ. ನಮಗೆ ಇನ್ನೊಂದು ಮಾಡಿಸಿದೆ. ಎರಡು ವರ್ಷವಾದ ಮೇಲೆ ಬೊಂಬಾಯಿಯಲ್ಲಿದ್ದ ಮನೆಯವರ ಜೊತೆ ಮೇಸ್ತ್ರಿಯೂ ತಮ್ಮ ಜನ ಇರುವ ದೂರದ ದೇಶಕ್ಕೆ ಹೊರಟರು. ಹೋಗುವಾಗ ಅಮ್ಮನ ಕಾಲು ಮುಟ್ಟಲು ಬಗ್ಗಿದರು. ಅವಳು ತಡೆದು, ಮತ್ತೆ ಬನ್ನಿ ಅಂದಳು. ಒಂದು ಕಾಗದ ಬಂತು, ಆಮೇಲೆ ಇಲ್ಲ. ಅಮ್ಮ ಸಾಯುವವರೆಗೂ ಆ ಜಾಲರಿಯ ಮೇಲೆ ಇನ್ನೊಂದು ತುಂಡು ಸುಡಲು ಬಿಡಲಿಲ್ಲ. ಬಂದರೆ ಏನು ಮಾಡುತ್ತೀಯ ಅನ್ನುತ್ತಿದ್ದಳು. ನಾನು ಅವತ್ತು ಅಂಗಳದಲ್ಲಿ ಆಡಿದ ಮಾತಿಗೆ ತಪ್ಪಾಯಿತು ಅಂತ ಮೇಸ್ತ್ರಿಯನ್ನು ಒಂದು ದಿನವೂ ಕೇಳಿಕೊಳ್ಳಲಿಲ್ಲ. ಕೇಳಬಹುದಿತ್ತು, ದಿನಾ ಒಂದೇ ಬೆಂಚಿನಲ್ಲಿ ಕೆಲಸ ಮಾಡುತ್ತಿದ್ದೆವು...

ಸೋಮವಾರ ಬೆಳಿಗ್ಗೆ ನಾನೊಬ್ಬನೇ ತಾರಸಿಗೆ ಹೋದೆ. ಚಿಪ್ಪು ಒಟ್ಟಿ, ಜಾಲರಿ ಇಟ್ಟು, ಮೊರದಲ್ಲಿ ಬೀಸತೊಡಗಿದೆ. ರಟ್ಟೆ ಸೋತುಹೋಯಿತು. ಏನು ಮಾವ ಇದು, ಯಾರು ಬರುತ್ತಾರೆ ಅಂತ ಬಟ್ಟೆ ಒಣಹಾಕಲು ಬಂದ ಸೊಸೆ ಕೇಳಿದಳು. ಇದ್ದರೆ ಮೇಸ್ತ್ರಿಗೆ ಈಗ ನೂರು ಮುಟ್ಟುತ್ತಿತ್ತು. ಯಾರೂ ಇಲ್ಲಮ್ಮ ಅಂದೆ. ಕೊನೆಯ ಕಂಬಿ ಕೆಂಪಾಗುವವರೆಗೂ ಬೀಸಿದೆ.