ನಮ್ಮವರ ಮಡಿ ಕಂಪ್ಯೂಟರ್

ಬೇರೆಯವರ ಮನೆಯಲ್ಲಿ ದೇವರಿಗೆ ಮಡಿ, ನಮ್ಮ ಮನೆಯಲ್ಲಿ ಕಂಪ್ಯೂಟರಿಗೆ. ನಮ್ಮವರು, ಅಂದರೆ ಚಂದ್ರಮೋಹನ, ದೆಹಲಿಯ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ ಅಲ್ಲೇ ತಲೆ ನರೆಸಿಕೊಂಡು ನಿವೃತ್ತರಾದವರು. ಬೆಳಿಗ್ಗೆ ಸ್ನಾನ ಮಾಡಿ ಬಂದು ಮೊದಲು ಆಂಟಿವೈರಸ್ ಅಪ್‌ಡೇಟ್ ಮಾಡುತ್ತಾರೆ, ಆಮೇಲೆ ದೇವರಿಗೆ ದೀಪ. ಯಾರಾದರೂ ಪೆನ್‌ಡ್ರೈವ್ ಹಿಡಿದು ಬಂದರೆ, ಚಪ್ಪಲಿ ಹಾಕಿಕೊಂಡು ಅಡುಗೆಮನೆಗೆ ನುಗ್ಗಿದವರನ್ನು ನೋಡುವ ಹಾಗೆ ನೋಡುತ್ತಾರೆ. ಪಾಸ್‌ವರ್ಡ್ ನನಗೂ ಹೇಳಿಲ್ಲ. ಕೇಳಿದರೆ, "ನಿನಗ್ಯಾಕೆ ಪದ್ಮಾ ಆ ತಲೆನೋವು" ಅನ್ನುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ.

ಅಷ್ಟೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದಕ್ಕೆ ಅದರಲ್ಲೇನೂ ನಿಧಿ ಇಲ್ಲ. ಮಗಳು ಗಗನಾಳ ದನಿ ಇದೆ. ಅವಳು ಇಷ್ಟುದ್ದ ಇದ್ದಾಗ ಮಲಗುವ ಮೊದಲು ಅಪ್ಪನಿಗೇ ಕಥೆ ಹೇಳುತ್ತಿದ್ದಳು, ಅಚ್ಚ ಕನ್ನಡದಲ್ಲಿ. ಇವರು ಅದನ್ನೆಲ್ಲ ರೆಕಾರ್ಡ್ ಮಾಡಿ ಕಂಪ್ಯೂಟರಿಗೆ ಹಾಕಿಟ್ಟರು. ಆಮೇಲೆ ಶಾಲೆ, ಕಾಲೇಜು, ಗುರುಗ್ರಾಮದ ಕೆಲಸ. ಹುಡುಗಿಯ ಬಾಯಿಂದ ಕನ್ನಡ ಯಾವಾಗ ಜಾರಿಹೋಯಿತೋ ನಮಗೇ ತಿಳಿಯಲಿಲ್ಲ. ಈಗ ಫೋನಿನಲ್ಲಿ "ಪಾಪಾ, ಖಾನಾ ಖಾಯಾ?" ಅನ್ನುತ್ತಾಳೆ. ಇವರು "ಊಟ ಆಯ್ತು ಪುಟ್ಟಿ, ನಿಂದು?" ಅನ್ನುತ್ತಾರೆ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ನಾಲಿಗೆ ಮಾತ್ರ ಹೊರಳುವುದಿಲ್ಲ.

ಆ ಕಥೆಗಳಲ್ಲಿ ಒಂದೆಂದರೆ ಇವರಿಗೆ ಪ್ರಾಣ. ನಮ್ಮ ಮುನಿರ್ಕಾದ ಮನೆಯ ತಾರಸಿಯ ಮೇಲಿರುವ ನೀರಿನ ಟ್ಯಾಂಕಿಯೊಳಗೆ ಚಂದ್ರ ಬಂದು ಮಲಗುತ್ತಾನಂತೆ. ಮನೆಯ ಹಿಂದಿನ ಕಾಡಿನ ನವಿಲು ಟ್ಯಾಂಕಿಯ ಮೇಲೆ ಕೂತು ಕಾವಲು ಕಾಯುತ್ತದಂತೆ. "ಆಗ ನವಿಲು ಏನಂತು ಗೊತ್ತಾ ಅಪ್ಪಾ..." ಅನ್ನುವಷ್ಟರಲ್ಲಿ ಕಥೆ ಹೇಳುವವಳಿಗೇ ನಿದ್ದೆ. ಮುಂದೆ ಇವರ ದನಿ, "ಏನಂತು ಪುಟ್ಟಿ?" ಆಮೇಲೆ ಉಸಿರಾಟ ಅಷ್ಟೇ. ಮಧ್ಯಾಹ್ನದ ಹೊತ್ತು ಕಿವಿಗೆ ಹೆಡ್‌ಫೋನ್ ಹಾಕಿ, ಅರೆಗಣ್ಣು ಮುಚ್ಚಿ ಅದನ್ನೇ ಕೇಳುತ್ತ ಕೂರುತ್ತಾರೆ. ಕಿಟಕಿಯಿಂದ ಬಿಸಿಲು ಬಂದು ಮೊಣಕಾಲ ಮೇಲೆ ಮಲಗಿರುತ್ತದೆ. ಆಗ ಅವರು ಮನೆಯಲ್ಲಿರುವುದಿಲ್ಲ, ಎಲ್ಲೋ ತಾರಸಿಯ ಮೇಲೆ ನೀರಿನ ಪಕ್ಕದಲ್ಲಿರುತ್ತಾರೆ. ನಾನಿಟ್ಟ ಚಹಾ ಅಲ್ಲೇ ಆರಿ ಕೆನೆ ಕಟ್ಟುತ್ತದೆ.

ಕಳೆದ ನವರಾತ್ರಿಯ ಮಾತು. ಸರಸ್ವತಿ ಪೂಜೆಗೆ ನಾನು ಪುಸ್ತಕಗಳನ್ನು ಇಟ್ಟೆ, ಇವರು ತಮ್ಮ ಹಾರ್ಡ್ ಡಿಸ್ಕ್ ತಂದಿಟ್ಟರು. ಕಂಪ್ಯೂಟರಿನಲ್ಲಿ ಇರುವುದರ ನಕಲು ಅದರಲ್ಲಿದೆ. ನಾನು ಅರಿಶಿನ ಕುಂಕುಮ ಹಚ್ಚಿ, ಮೇಲೆ ಸೇವಂತಿಗೆ ಏರಿಸಿದೆ. ಪೂಜೆಗಿಟ್ಟದ್ದನ್ನು ವಿಜಯದಶಮಿಯವರೆಗೆ ಯಾರೂ ಮುಟ್ಟುವ ಹಾಗಿಲ್ಲ.

ನವಮಿಯ ಮಧ್ಯಾಹ್ನ ಇವರಿಗೊಂದು ಮೇಲ್ ಬಂತು. ಹಳೆಯ ಸಹೋದ್ಯೋಗಿ ಚಿದಂಬರ ಅವರಿಂದ, ಮಗನ ಮದುವೆಯ ಕರೆಯೋಲೆ. "ಅಂತೂ ಅವರ ಶ್ರೇಯಸ್‌ಗೆ ಹೆಣ್ಣು ಸಿಕ್ತು ಕಣೇ!" ಎಂದು ಕೂಗಿದರು. ದೆಹಲಿಯಲ್ಲಿ ಕನ್ನಡದವರ ಮನೆಯ ಮದುವೆ ಅಂದರೆ ನಮ್ಮನೆಯದೇ ಮದುವೆ. ಕರೆಯೋಲೆಯನ್ನು ತೆರೆಯದೆ ಇಡುವುದು ಅವಮಾನ ಅನ್ನುವುದು ಇವರ ಲೆಕ್ಕ. ಪರದೆಯ ಮೇಲೆ ಆಂಟಿವೈರಸ್ ಕೆಂಪಗೆ ಎಚ್ಚರಿಕೆ ಕೊಟ್ಟಿತು. "ಥೂ, ಶುಭಕಾರ್ಯದಲ್ಲಿ ಅಪಶಕುನ" ಎಂದು ಬೈದು, ಅದನ್ನು ಮುಚ್ಚಿ, ಕರೆಯೋಲೆ ತೆರೆದರು. ವರ್ಷಗಟ್ಟಲೆ ಊರಿಗೆಲ್ಲ ಉಪದೇಶ ಮಾಡಿದ ಮನುಷ್ಯ!

ಸ್ವಲ್ಪ ಹೊತ್ತಿಗೆ ಒಳಗಿನಿಂದ ಕ್ಷೀಣವಾಗಿ, "ಪದ್ಮಾ, ಪುಟ್ಟಿ ಹೋದಳು" ಅಂದರು.

ಸೌಟನ್ನು ಅಲ್ಲೇ ಬಿಟ್ಟೆ. ಓಡಿ ಹೋಗಿ ನೋಡಿದರೆ ಕಂಪ್ಯೂಟರಿನ ಮುಂದೆ ಮಂಕಾಗಿ ಕೂತಿದ್ದಾರೆ. ಒಂದು ಕಡತವೂ ತೆರೆಯುತ್ತಿಲ್ಲ. ಎಲ್ಲಕ್ಕೂ ಬೀಗ ಹಾಕಿದ್ದೇವೆ, ಹಣ ಕೊಟ್ಟರೆ ಬಿಡುತ್ತೇವೆ ಎಂದು ಪರದೆಯ ಮೇಲೆ ಬರೆದಿತ್ತು. ಹೀಗೂ ಹೆದರಿಸುತ್ತಾರೇನ್ರೀ ಮನುಷ್ಯರನ್ನ ಎಂದು ಬೈಯುತ್ತಲೇ ಗಗನಾಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ.

"ಮಮ್ಮಿ, ಪಹಲೇ ಇಂಟರ್‌ನೆಟ್ ವೈರ್ ನಿಕಾಲೋ," ಎಂದಳು. ಕಿತ್ತೆ. "ಪೈಸಾ ಮತ್ ದೇನಾ. ಔರ್ ಪಾಪಾ, ಹಾರ್ಡ್ ಡಿಸ್ಕ್ ಬಿಲ್ಕುಲ್ ಮತ್ ಲಗಾನಾ. ಲಗಾಯಾ ತೋ ವೋ ಭೀ ಜಾಯೇಗಾ!"

ಹಣ ಕೊಡಬೇಡಿ, ಡಿಸ್ಕ್ ಹಚ್ಚಿದರೆ ಅದೂ ಹೋಗುತ್ತದೆ ಎಂದದ್ದು ಇವರ ಕಿವಿಗೆ ಬಿದ್ದಿದ್ದರೆ ತಾನೇ! ಆಗಲೇ ದೇವರ ಕೋಣೆಯತ್ತ ಹೊರಟಿದ್ದರು. ಟ್ಯಾಂಕಿಯ ಕಥೆಯನ್ನು ನಕಲು ಮಾಡಿದ್ದೆನೋ ಇಲ್ಲವೋ ನೆನಪಾಗುತ್ತಿಲ್ಲ, ಒಂದೇ ಒಂದು ಸಲ ಹಚ್ಚಿ ನೋಡುತ್ತೇನೆ ಎಂದು ಗೋಗರೆದರು. ನಾನು ಬಾಗಿಲಿಗೆ ಅಡ್ಡ ನಿಂತೆ.

"ನಾಳೆಯವರೆಗೆ ಅದು ಸರಸ್ವತಿದು ಕಣ್ರೀ, ನಿಮ್ಮದಲ್ಲ. ಮುಟ್ಟಿ ನೋಡೋಣ!"

ಮಗಳ ಮಾತಿಗೆ ನಿಲ್ಲದವರು ಅದಕ್ಕೆ ನಿಂತರು. ಮೆಲ್ಲಗೆ ಹೊಸ್ತಿಲ ಹೊರಗೇ ಕುಸಿದು ಕೂತರು. ನಾನೂ ಪಕ್ಕದಲ್ಲಿ ಕೂತೆ. ಹೊರಗೆ ಹಾಲೆ ಮರ ಹೂ ಬಿಟ್ಟಿತ್ತು. ಈ ಊರಲ್ಲಿ ಆ ತಿಂಗಳಿಡೀ ಗಾಳಿಗೆ ಅದರ ಹೂವಿನ ಘಮದ್ದೇ ಮತ್ತು. ಪಾರ್ಕಿನ ರಾಮಲೀಲಾದ ಮೈಕು ಕನಸಿನೊಳಗಿಂದ ಕೇಳಿದ ಹಾಗೆ ಕೇಳುತ್ತಿತ್ತು. ಸೇವಂತಿಗೆಯ ಕೆಳಗೆ ಆ ಕಪ್ಪು ಡಬ್ಬಿ ಸುಮ್ಮನೆ ಮಲಗಿತ್ತು. ಅದರೊಳಗೆ ನನ್ನ ಮಗು ಇದ್ದಾಳೋ ಇಲ್ಲವೋ ಎಂದು ನಾನೂ ಅದರತ್ತಲೇ ನೋಡಿದೆ. ಸಂಜೆ ಚಿದಂಬರ ಅವರೇ ಫೋನ್ ಮಾಡಿದರು. ಮದುವೆ ಇಲ್ಲ, ಮಣ್ಣೂ ಇಲ್ಲ, ಯಾರೋ ಅವರ ಮೇಲ್ ಕದ್ದು ಎಲ್ಲರಿಗೂ ಕಳಿಸಿದ್ದರಂತೆ.

ವಿಜಯದಶಮಿಯ ದಿನ ಬೆಳಿಗ್ಗೆಯೇ ಗಗನಾ ಬಂದಳು. ಕಂಪ್ಯೂಟರಿನಲ್ಲಿದ್ದದ್ದನ್ನೆಲ್ಲ ಅಳಿಸಿ, ಬೇಕಾದ ತಂತ್ರಾಂಶಗಳನ್ನು ಹೊಸದಾಗಿ ತುಂಬಿದಳು. ಅಪ್ಪ ಅವಳ ಬೆನ್ನ ಹಿಂದೆ ಮಗುವಿನ ಹಾಗೆ ನಿಂತೇ ಇದ್ದರು. ಮಂಗಳಾರತಿ ಮಾಡಿ, ಹೂ ತೆಗೆದು, ಡಿಸ್ಕನ್ನು ನಾನೇ ಅವಳ ಕೈಗೆ ಕೊಟ್ಟೆ. ಇಂಟರ್‌ನೆಟ್ಟಿನ ವೈರನ್ನು ಹಚ್ಚದೆಯೇ ಅದನ್ನು ಜೋಡಿಸಿದಳು. ಹುಡುಕಿದಳು. ಆಮೇಲೆ ಕೋಣೆಯ ತುಂಬ ಆ ಪುಟ್ಟ ದನಿ.

ಚಂದ್ರ ಬಂದ, ಟ್ಯಾಂಕಿಯೊಳಗೆ ಮಲಗಿದ. ನವಿಲು ಬಂತು. ತನ್ನದೇ ಕನ್ನಡವನ್ನು ಗಗನಾ ಯಾರದೋ ಎಂಬಂತೆ ಬಾಯಿ ತೆರೆದು ಕೇಳುತ್ತಿದ್ದಳು. "ಏನಂತು ಪುಟ್ಟಿ?" ಎಂದಿತು ಇವರ ಹಳೆಯ ದನಿ. ಆಮೇಲೆ ಉಸಿರಾಟ.

ಗಗನಾ ಕುರ್ಚಿ ತಿರುಗಿಸಿದಳು. ಒಂದೊಂದೇ ಮಾತನ್ನು ಹುಡುಕಿಕೊಂಡು, ತಡವರಿಸುತ್ತ ಹೇಳಿದಳು.

"ನವಿಲು ಅಂತು... ನಾನು ಕಾಯ್ತೀನಿ. ನೀನು ಮಲ್ಕೋ, ಅಪ್ಪಾ."

ನಮ್ಮವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. ಊಟವಾದ ಮೇಲೆ ಪಾಸ್‌ವರ್ಡನ್ನು ನಮ್ಮಿಬ್ಬರಿಗೂ ಹೇಳಿ, ಕಂಪ್ಯೂಟರಿನ ಕಡೆ ತಿರುಗಿಯೂ ನೋಡದೆ ಹೋಗಿ ಮಲಗಿದರು.